ಸ್ಟಾರ್ಟಪ್ ಸುದ್ದಿ ಬರೆಯುವಾಗ ಉಳಿದ ಗ್ರಾಹಕರ ಲೆಕ್ಕವನ್ನೂ ಕೇಳಿ

ಮಾನ್ಯ ಸಂಪಾದಕರೇ,

ಕಲಬುರಗಿ, ಬೀದರ್, ಯಾದಗಿರಿಯ ಹುಡುಗ ಹುಡುಗಿಯರು ಕಟ್ಟಿದ ಆ್ಯಪ್‌ಗಳ ಬಗ್ಗೆ ಜಿಲ್ಲಾ ಪುಟಗಳಲ್ಲಿ ಈಗ ಆಗಾಗ ಸುದ್ದಿ ಬರುತ್ತದೆ. ಬರಲೇಬೇಕು. ಬೆಂಗಳೂರು, ಹೈದರಾಬಾದ್ ಹಾದಿ ಹಿಡಿಯದೆ ಇಲ್ಲೇ ಕೂತು ಕಿರಾಣಿ, ಜೋಳದ ರೊಟ್ಟಿ, ತೊಗರಿಬೇಳೆ, ಟ್ಯೂಷನ್‌ಗಳನ್ನು ಫೋನಿನ ಮೂಲಕ ಮಾರುವುದಕ್ಕೆ ಧೈರ್ಯ ಬೇಕು. ಆದರೆ ಆ ಸುದ್ದಿಗಳಲ್ಲಿ ಕಾಣುವ ಅಂಕಿ ಹೆಚ್ಚುಕಡಿಮೆ ಒಂದೇ: ಇಷ್ಟು ಸಾವಿರ ಡೌನ್‌ಲೋಡ್, ಇಷ್ಟು ಸಾವಿರ ನೋಂದಣಿ. ಕಾಲೇಜು ಸ್ಪರ್ಧೆಯ ವೇದಿಕೆಯಲ್ಲೂ ಅದೇ ಅಂಕಿ, ಬಂಡವಾಳ ಕೇಳಲು ಹೋದಾಗಲೂ ಅದೇ. ವ್ಯಾಪಾರ ಬೇರೂರಿದೆಯೇ ಇಲ್ಲವೇ ಎಂಬುದು ಅದರಿಂದ ತಿಳಿಯುವುದಿಲ್ಲ. ಯಾವ ಲೆಕ್ಕದಿಂದ ತಿಳಿಯುತ್ತದೆ, ಅದನ್ನು ತೆಗೆಯುವುದು ಹೇಗೆ, ನಮ್ಮ ಭಾಗದಲ್ಲಿ ಅದು ಎಲ್ಲೆಲ್ಲಿ ತಪ್ಪುತ್ತದೆ ಎಂಬುದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇವೆ. ಪತ್ರ ಉದ್ದವಾಗಿದೆ, ಮನ್ನಿಸಬೇಕು.

ಡೌನ್‌ಲೋಡ್ ಮತ್ತು ನೋಂದಣಿ ಒಟ್ಟು ಮೊತ್ತದ ಅಂಕಿಗಳು. ಅವು ಏರುತ್ತವೆ ಅಥವಾ ನಿಲ್ಲುತ್ತವೆ, ಇಳಿಯುವುದು ಮಾತ್ರ ಎಂದೂ ಇಲ್ಲ. ಆ್ಯಪ್ ಹಾಕಿಕೊಂಡವರೆಲ್ಲ ಮರುದಿನವೇ ಅಳಿಸಿಹಾಕಿದರೂ ಪ್ಲೇ ಸ್ಟೋರಿನ ಪುಟದಲ್ಲಿ ‘10,000+’ ಹಾಗೇ ನಿಂತಿರುತ್ತದೆ. ನಮ್ಮ ಎಪಿಎಂಸಿಯಲ್ಲಿ ಅಡತಿ ಅಂಗಡಿಯವರು ಆವಕದ ಪುಸ್ತಕವೊಂದನ್ನೇ ಬರೆದು ಜಾವಕ ಬರೆಯದಿದ್ದರೆ ಗೋದಾಮಿನಲ್ಲಿ ಎಷ್ಟು ಚೀಲ ತೊಗರಿ ಇದೆ ಎಂದು ಯಾರೂ ಹೇಳಲಾರರು, ಇದೂ ಹಾಗೆಯೇ. ಇಂಥ ಅಂಕಿಗಳಿಗೆ ‘ದಿ ಲೀನ್ ಸ್ಟಾರ್ಟಪ್’ ಪುಸ್ತಕದ ಲೇಖಕ ಎರಿಕ್ ರೀಸ್ ‘ವ್ಯಾನಿಟಿ ಮೆಟ್ರಿಕ್ಸ್’ (ಬರೀ ಮೆರೆಯಲು ಬರುವ ಅಂಕಿಗಳು) ಎಂದು ಹೆಸರಿಟ್ಟು ಎಷ್ಟೋ ವರ್ಷವಾಯಿತು. 2007ರಲ್ಲಿ ಅಮೆರಿಕದ ಸ್ಟಾರ್ಟಪ್ ಹೂಡಿಕೆದಾರ ಡೇವ್ ಮೆಕ್ಲೂರ್ ಕೊಟ್ಟ ಐದು ಹಂತಗಳೂ (ಗ್ರಾಹಕ ಬರುವುದು, ಮೊದಲ ಸಲ ಪ್ರಯೋಜನ ಕಾಣುವುದು, ಉಳಿಯುವುದು, ಇನ್ನೊಬ್ಬರಿಗೆ ಹೇಳುವುದು, ಹಣ ಕೊಡುವುದು) ಎಂಜಿನಿಯರಿಂಗ್ ಕಾಲೇಜುಗಳ ಪಾಠದಲ್ಲಿ ಬರುತ್ತವೆ. ಐದನ್ನೂ ಬಾಯಿಪಾಠ ಹೇಳುವವರು ಸಿಗುತ್ತಾರೆ, ಮೂರನೆಯದನ್ನು ತಿಂಗಳು ತಿಂಗಳು ಅಳೆಯುವವರು ವಿರಳ.

ಉಳಿಕೆಯನ್ನು, ಅಂದರೆ ರಿಟೆನ್ಷನ್ ಅನ್ನು, ನೋಡುವ ಸರಿಯಾದ ದಾರಿ ಬ್ಯಾಚ್ ಲೆಕ್ಕ, ಪರಿಭಾಷೆಯಲ್ಲಿ ಕೊಹಾರ್ಟ್. ಒಂದೇ ತಿಂಗಳಲ್ಲಿ ಮೊದಲ ಸಲ ಖರೀದಿ ಮಾಡಿದವರೆಲ್ಲ ಒಂದು ಬ್ಯಾಚ್. ಅವರಲ್ಲಿ ಮುಂದಿನ ತಿಂಗಳು ಎಷ್ಟು ಮಂದಿ ಬಂದರು, ಅದರ ಮುಂದಿನ ತಿಂಗಳು ಎಷ್ಟು ಎಂದು ಅದೇ ಜನರ ಬೆನ್ನು ಹತ್ತಿ ಹೋಗಬೇಕು. ಎರಡು ಆ್ಯಪ್‌ಗಳನ್ನು ಊಹಿಸಿಕೊಳ್ಳಿ. ಎರಡಕ್ಕೂ ಜನವರಿಯಲ್ಲಿ 400 ಹೊಸ ಗ್ರಾಹಕರು ಬಂದರು. ಮೊದಲನೆಯದರಲ್ಲಿ ಮುಂದಿನ ನಾಲ್ಕು ತಿಂಗಳು ಕ್ರಮವಾಗಿ 120, 72, 68, 66 ಮಂದಿ ಉಳಿದರು. ಎರಡನೆಯದರಲ್ಲಿ 200, 100, 50, 25. ಫೆಬ್ರುವರಿಯಲ್ಲಿ ನೋಡಿದವರು ಎರಡನೆಯದನ್ನೇ ಹೊಗಳುತ್ತಾರೆ, ಶೇ 50 ಎಲ್ಲಿ, ಶೇ 30 ಎಲ್ಲಿ! ಮೇ ತಿಂಗಳಲ್ಲಿ ನೋಡಿದರೆ ಮೊದಲನೆಯದರ ರೇಖೆ ಶೇ 16–17ರ ಹತ್ತಿರ ಸಮವಾಗಿ ನಿಂತಿದೆ. ಎರಡನೆಯದು ತಿಂಗಳಿಗೆ ಅರ್ಧದಂತೆ ಕರಗಿ ಸೊನ್ನೆಯತ್ತ ಹೊರಟಿದೆ. ಮೊದಲ ಆ್ಯಪ್ ಕೆಲವರಿಗಾದರೂ ನಿಜವಾಗಿ ಬೇಕಾಗಿದೆ. ಎರಡನೆಯದನ್ನು ಸದ್ಯಕ್ಕೆ ಯಾರೂ ಹಚ್ಚಿಕೊಂಡಿಲ್ಲ. ಆದ್ದರಿಂದ ಮೊದಲ ತಿಂಗಳ ಶೇಕಡಾವಾರು ಎಷ್ಟೇ ಚೆಂದವಿರಲಿ, ರೇಖೆ ಎಲ್ಲಾದರೂ ಸಮವಾಯಿತೇ ಎಂಬುದನ್ನು ನೋಡದೆ ತೀರ್ಪು ಕೊಡಬಾರದು.

ಎರಡನೆಯ ಆ್ಯಪ್‌ನ ಇನ್ನೊಂದು ಲೆಕ್ಕವನ್ನು ಹೊಸ ಉದ್ಯಮಿಗಳು ಕಾಗದದ ಮೇಲೆ ಒಮ್ಮೆ ಬರೆದು ನೋಡಬೇಕು. ಪ್ರತಿ ತಿಂಗಳೂ 400 ಹೊಸಬರು ಬರುತ್ತಾರೆ, ಇದ್ದವರಲ್ಲಿ ಅರ್ಧ ಮಂದಿ ಹೋಗುತ್ತಾರೆ ಎಂದಾದರೆ ತಿಂಗಳ ಗ್ರಾಹಕರ ಸಂಖ್ಯೆ 400, 600, 700, 750 ಎಂದು ಏರುತ್ತ 800ರ ಹತ್ತಿರ ನಿಂತುಬಿಡುತ್ತದೆ. ಹತ್ತು ವರ್ಷ ನಡೆಸಿದರೂ 800 ದಾಟುವುದಿಲ್ಲ. ಸೂತ್ರ ಸರಳ: ತಿಂಗಳ ಹೊಸ ಗ್ರಾಹಕರ ಸಂಖ್ಯೆಯನ್ನು ಬಿಟ್ಟುಹೋಗುವ ಪ್ರಮಾಣದಿಂದ ಭಾಗಿಸಿ. 400 ಭಾಗಿಸು 0.5, ಅಂದರೆ 800. ವರ್ಷದ ಕೊನೆಗೆ ನೋಂದಣಿ ಮಾತ್ರ 4,800 ತೋರಿಸುತ್ತದೆ, ಸುದ್ದಿಯಲ್ಲಿ ಬರುವುದು ಆ 4,800. ಈ ಮಿತಿಯನ್ನು 1,600ಕ್ಕೆ ಏರಿಸಲು ಎರಡು ದಾರಿ ಇವೆ. ಜಾಹೀರಾತು ಖರ್ಚು ದುಪ್ಪಟ್ಟು ಮಾಡಿ ತಿಂಗಳಿಗೆ 800 ಜನರನ್ನು ತರುವುದು ಒಂದು, ಬಿಟ್ಟುಹೋಗುವವರನ್ನು ಶೇ 50ರಿಂದ 25ಕ್ಕೆ ಇಳಿಸುವುದು ಇನ್ನೊಂದು. ಕಲಬುರಗಿಯಂಥ ಊರಿನಲ್ಲಿ ಮೊದಲ ದಾರಿ ಬೇಗ ಮುಗಿದುಹೋಗುತ್ತದೆ, ಏಕೆಂದರೆ ಆನ್‌ಲೈನ್‌ನಲ್ಲಿ ಕೊಳ್ಳುವ ಮನೆಗಳ ಸಂಖ್ಯೆಗೇ ಒಂದು ಮಿತಿ ಇದೆ. ಒಮ್ಮೆ ಬಂದು ಬೇಸತ್ತು ಹೋದವರನ್ನು ಮತ್ತೆ ಕರೆತರುವುದು ಹೊಸಬರನ್ನು ತರುವುದಕ್ಕಿಂತ ಕಷ್ಟ.

ಈ ಲೆಕ್ಕ ಮಾಡಲು ದುಬಾರಿ ಸಾಫ್ಟ್‌ವೇರ್ ಬೇಡ, ಗೂಗಲ್ ಶೀಟ್ ಸಾಕು. ಒಂದು ಆರ್ಡರ್‌ಗೆ ಒಂದು ಸಾಲು. ಕಾಲಂಗಳು ಐದು: ಮೊಬೈಲ್ ಸಂಖ್ಯೆ, ಆರ್ಡರ್ ದಿನಾಂಕ, ಮೊತ್ತ, ತಲುಪಿತೇ ಇಲ್ಲವೇ, ಯಾವ ದಾರಿಯಿಂದ ಬಂತು. ಮೊಬೈಲ್ ಸಂಖ್ಯೆಯ ಕೊನೆಯ 10 ಅಂಕಿಗಳನ್ನು ಮಾತ್ರ ಇಟ್ಟುಕೊಳ್ಳಿ (‘ರೈಟ್’ ಸೂತ್ರ ಇದನ್ನು ಮಾಡುತ್ತದೆ). ಇಲ್ಲವಾದರೆ ಒಬ್ಬನೇ ಗ್ರಾಹಕ ಒಮ್ಮೆ ಮುಂದೆ ಸೊನ್ನೆ ಹಾಕಿ, ಇನ್ನೊಮ್ಮೆ +91 ಹಾಕಿ ಬರೆದು ಇಬ್ಬರಾಗಿ ಕಾಣುತ್ತಾನೆ. ಆರನೆಯ ಕಾಲಂನಲ್ಲಿ ‘ಮಿನ್‌ಇಫ್ಸ್’ ಸೂತ್ರ ಹಾಕಿದರೆ ಆ ಸಂಖ್ಯೆಯ ಮೊದಲ ಆರ್ಡರ್ ಎಂದು ಆಗಿತ್ತೆಂದು ಬರುತ್ತದೆ. ಏಳನೆಯದರಲ್ಲಿ ಈ ಆರ್ಡರ್ ದಿನಾಂಕದಿಂದ ಮೊದಲ ಆರ್ಡರ್ ದಿನಾಂಕ ಕಳೆದು, ಬಂದದ್ದನ್ನು 30ರಿಂದ ಭಾಗಿಸಿ, ಪೂರ್ಣಾಂಕ ಮಾತ್ರ ಇಡಿ. 0 ಬಂದರೆ ಮೊದಲ 30 ದಿನ, 1 ಬಂದರೆ ಎರಡನೆಯ 30 ದಿನ. ಆಮೇಲೆ ಪಿವಟ್ ಟೇಬಲ್ (ಸಾಲುಗಳನ್ನು ಗುಂಪು ಮಾಡಿ ಎಣಿಸಿಕೊಡುವ ಕೋಷ್ಟಕ): ಸಾಲುಗಳಲ್ಲಿ ಮೊದಲ ಆರ್ಡರ್‌ನ ತಿಂಗಳು, ಅಡ್ಡಕ್ಕೆ ಏಳನೆಯ ಕಾಲಂ, ಒಳಗೆ ಮೊಬೈಲ್ ಸಂಖ್ಯೆಗಳ ಎಣಿಕೆ. ಎಣಿಕೆಯಲ್ಲಿ ‘ಕೌಂಟ್ ಯೂನಿಕ್’ ಆಯ್ಕೆ ಮಾಡಬೇಕು. ಬರೀ ‘ಕೌಂಟ್‌ಎ’ ಮಾಡಿದರೆ ಒಬ್ಬರೇ ಐದು ಸಲ ಕೊಂಡದ್ದು ಐದು ಜನರಾಗಿ, ಉಳಿಕೆ ಶೇ 100 ದಾಟಿದ ಕೋಷ್ಟಕ ಎದುರಿಗೆ ಬರುತ್ತದೆ.

30 ದಿನದ ಕಿಟಕಿ (ಎಣಿಕೆಯ ಅವಧಿ) ಏಕೆ, ಕ್ಯಾಲೆಂಡರ್ ತಿಂಗಳು ಏಕೆ ಬೇಡ? ಜನವರಿ 31ಕ್ಕೆ ಮೊದಲ ಸಲ ಕೊಂಡು ಫೆಬ್ರುವರಿ 1ಕ್ಕೆ ಮರೆತಿದ್ದ ಸಕ್ಕರೆ ತರಿಸಿಕೊಂಡವರು ಕ್ಯಾಲೆಂಡರ್ ಲೆಕ್ಕದಲ್ಲಿ ‘ಎರಡನೆಯ ತಿಂಗಳೂ ಉಳಿದವರು’ ಆಗಿಬಿಡುತ್ತಾರೆ. ಇನ್ನೊಂದು ಎಚ್ಚರ: ಈಗಷ್ಟೇ ಬಂದ ಬ್ಯಾಚ್‌ಗೆ ಮೂರನೆಯ ತಿಂಗಳ ಖಾನೆ ಇನ್ನೂ ಹುಟ್ಟಿಲ್ಲ. ಅದನ್ನು ಖಾಲಿ ಬಿಡಬೇಕು. ಸೊನ್ನೆ ಎಂದು ತುಂಬಿ ಸರಾಸರಿ ತೆಗೆದರೆ ವ್ಯಾಪಾರ ಮುಳುಗುತ್ತಿರುವಂತೆ ಕಾಣುತ್ತದೆ. ಅವಧಿ ಅರ್ಧ ಮುಗಿದಿರುವ ಖಾನೆಯೂ ಅಷ್ಟೇ, ತುಂಬುವವರೆಗೆ ಮುಟ್ಟಬಾರದು.

ಎಲ್ಲ ವ್ಯಾಪಾರಕ್ಕೂ 30 ದಿನವೇ ಸರಿ ಎಂದೇನಿಲ್ಲ, ನಮ್ಮ ಭಾಗದ ಸರಕಿಗಂತೂ ಇದು ಬಹಳ ಮುಖ್ಯ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕ ಮೇಲೆ ಅದನ್ನು ಆನ್‌ಲೈನ್‌ನಲ್ಲಿ ಮಾರುವವರಿದ್ದಾರೆ. 1 ಕಿಲೊ ಪೊಟ್ಟಣ ತರಿಸಿದ ಮನೆಗೆ ಎರಡು ವಾರದಲ್ಲಿ ಮತ್ತೆ ಬೇಳೆ ಬೇಕು. 5 ಕಿಲೊ ಚೀಲ ತರಿಸಿದ ನಾಲ್ಕು ಜನರ ಮನೆಗೆ ಎರಡು ತಿಂಗಳು ಬೇಡ. ಇಬ್ಬರನ್ನೂ 30 ದಿನದ ಕೋಷ್ಟಕಕ್ಕೆ ಹಾಕಿದರೆ ದೊಡ್ಡ ಚೀಲ ಕೊಂಡ ಒಳ್ಳೆಯ ಗ್ರಾಹಕರೇ ‘ಬಿಟ್ಟುಹೋದವರು’ ಆಗುತ್ತಾರೆ, ಅವರಿಗೆ ‘ಮರಳಿ ಬನ್ನಿ’ ಕೂಪನ್ ಹೋಗುತ್ತದೆ, ಹೇಗೂ ಬರಲಿದ್ದವರಿಗೆ ರಿಯಾಯಿತಿ ಕೊಟ್ಟಂತಾಗುತ್ತದೆ. ಸರಿಯಾದ ಅವಧಿಯನ್ನು ಸರಕೇ ಹೇಳುತ್ತದೆ. ಎರಡನೆಯ ಸಲ ಕೊಂಡವರನ್ನೆಲ್ಲ ತೆಗೆದುಕೊಂಡು, ಮೊದಲ ಮತ್ತು ಎರಡನೆಯ ಆರ್ಡರ್ ನಡುವೆ ಎಷ್ಟು ದಿನ ಕಳೆಯಿತೆಂದು ಏರಿಕೆಯ ಕ್ರಮದಲ್ಲಿ ಬರೆಯಿರಿ. ಅವರಲ್ಲಿ ಶೇ 80ರಷ್ಟು ಮಂದಿ ಎಷ್ಟು ದಿನದೊಳಗೆ ಬಂದಿದ್ದಾರೋ ಅದೇ ನಿಮ್ಮ ಕಿಟಕಿ. ಪೊಟ್ಟಣದ ಅಳತೆಗೆ ಒಂದೊಂದು ಕಿಟಕಿ ಇಟ್ಟರೆ ಇನ್ನೂ ಒಳ್ಳೆಯದು.

ಬೀದರಿನ ಬಿದ್ರಿ ಸಾಮಾನು ಮಾರುವವರಿಗೆ ತಿಂಗಳ ಕೋಷ್ಟಕವೇ ಬೇಡ. ಸತು-ತಾಮ್ರದ ಮಿಶ್ರಲೋಹಕ್ಕೆ ಬೆಳ್ಳಿಯ ಕುಸುರಿ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪು ಬಣ್ಣ ಬರಿಸಿದ ಹೂದಾನಿಯನ್ನು ಯಾರೂ ತಿಂಗಳಿಗೊಂದು ಕೊಳ್ಳುವುದಿಲ್ಲ. ಅಲ್ಲಿ 12 ತಿಂಗಳ ಕಿಟಕಿ ಇಡಬೇಕು. ಜೊತೆಗೆ ಪ್ರತಿ ಹೊಸ ಗ್ರಾಹಕರನ್ನು ‘ನಮ್ಮ ಬಗ್ಗೆ ಯಾರಿಂದ ತಿಳಿಯಿತು’ ಎಂದು ಕೇಳಿ ಬರೆದಿಟ್ಟುಕೊಳ್ಳಬೇಕು. ಉಡುಗೊರೆ ಪಡೆದ ಮನೆಯಿಂದ ಬರುವ ಆರ್ಡರ್ ಆ ವ್ಯಾಪಾರದ ನಿಜವಾದ ಬೆಳವಣಿಗೆ.

ಹಂಗಾಮಿನ ಮಾತು ಬಂದರೆ, ತೊಗರಿ ದರ ತಿಳಿಸುವ ಆ್ಯಪ್‌ಗೆ ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ, ರಾಶಿ ಮುಗಿದು ಮಾಲು ಮಾರುಕಟ್ಟೆಗೆ ಬರುವಾಗ, ಬಳಕೆ ಏರುತ್ತದೆ; ಮುಂಗಾರು ಬಿತ್ತನೆ ಹೊತ್ತಿಗೆ ಪಾತಾಳಕ್ಕೆ ಇಳಿಯುತ್ತದೆ. ಏಪ್ರಿಲ್‌ನಲ್ಲಿ ‘ಗ್ರಾಹಕರು ಕೈಬಿಟ್ಟರು’ ಎಂದು ಹೆದರುವುದೂ ಜನವರಿಯಲ್ಲಿ ‘ಮೂರು ಪಟ್ಟು ಬೆಳೆದೆವು’ ಎಂದು ಹಿಗ್ಗುವುದೂ ಸಮನಾದ ತಪ್ಪು. ಹೋದ ಹಂಗಾಮಿನಲ್ಲಿ ದರ ನೋಡಿದ ರೈತರಲ್ಲಿ ಈ ಹಂಗಾಮಿನಲ್ಲಿ ಎಷ್ಟು ಮಂದಿ ನೋಡಿದರು ಎಂಬುದು ಅಲ್ಲಿ ಉಳಿಕೆ. ಹಾಗೆಯೇ ಸುಗ್ಗಿ ಮುಗಿದ ಮೇಲೆ ನಮ್ಮ ತಾಲ್ಲೂಕುಗಳಿಂದ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದಿಗೆ ಕೆಲಸಕ್ಕೆ ಗುಳೆ ಹೋಗುವ ಕುಟುಂಬಗಳಿವೆ. ಸುರಪುರದ ಕಡೆಯ ಹಳ್ಳಿಗಳಿಗೆ ಸಾಮಾನು ತಲುಪಿಸುವ ಆ್ಯಪ್‌ನಲ್ಲಿ ಈ ಮನೆಗಳು ಬೇಸಿಗೆಯಲ್ಲಿ ಕಾಣೆಯಾಗಿ ಬಿತ್ತನೆಗೆ ಮತ್ತೆ ಕಾಣಿಸಿಕೊಳ್ಳುತ್ತವೆ. ಅದಕ್ಕೇ ತಿಂಗಳ ಲೆಕ್ಕದಲ್ಲಿ ‘ಹೊಸಬರು’, ‘ಬಿಟ್ಟವರು’ ಎಂಬ ಎರಡು ಕಾಲಂ ಸಾಲದು, ‘ಮರಳಿ ಬಂದವರು’ ಎಂಬ ಮೂರನೆಯದು ಬೇಕು. ಹಿಂದಿನ ತಿಂಗಳ ಗ್ರಾಹಕರು, ಕೂಡಿಸು ಹೊಸಬರು, ಕೂಡಿಸು ಮರಳಿ ಬಂದವರು, ಕಳೆ ಬಿಟ್ಟವರು: ಈ ತಿಂಗಳ ಗ್ರಾಹಕರ ಸಂಖ್ಯೆಗೆ ಇದು ಕರಾರುವಾಕ್ಕಾಗಿ ತಾಳೆಯಾಗಬೇಕು. ತಾಳೆಯಾಗದಿದ್ದರೆ ಎಲ್ಲೋ ಒಬ್ಬರನ್ನು ಎರಡು ಸಲ ಎಣಿಸಲಾಗಿದೆ.

ದಿನದ ಏರಿಳಿತಕ್ಕೂ ಸ್ಥಳೀಯ ಕಾರಣಗಳಿವೆ. ಎಳ್ಳಮಾವಾಸ್ಯೆಯಂದು ಭಜ್ಜಿ, ಸಜ್ಜೆ ರೊಟ್ಟಿ ಕಟ್ಟಿಕೊಂಡು ಊರಿಗೆ ಊರೇ ಹೊಲದಲ್ಲಿರುತ್ತದೆ, ಅಂದು ಊಟದ ಆರ್ಡರ್ ಬೀಳದಿರುವುದು ಸಹಜ. ಶರಣಬಸವೇಶ್ವರ ಜಾತ್ರೆ, ಬಂದೇನವಾಜ್ ಉರುಸ್ ವೇಳೆ ಇದರ ಉಲ್ಟಾ ಆಗಬಹುದು. ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲಿನ ಕಾರಣಕ್ಕೆ ಈ ಭಾಗದ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30 ಆಗುತ್ತದೆ, ಜನ ಫೋನು ಹಿಡಿಯುವ ಹೊತ್ತೂ ಅದರೊಂದಿಗೆ ಸರಿಯುತ್ತದೆ. ಹಬ್ಬಗಳು ಚಾಂದ್ರಮಾನದಂತೆ ಮುಂದೆ ಹಿಂದೆ ಹೋಗುವುದರಿಂದ ಕಳೆದ ವರ್ಷದ ಅದೇ ತಾರೀಖಿಗೆ ಹೋಲಿಸಬಾರದು, ಅದೇ ಹಬ್ಬದ ವಾರಕ್ಕೆ ಹೋಲಿಸಬೇಕು.

ಇನ್ನು ಲೆಕ್ಕವನ್ನೇ ಕೆಡಿಸುವ ತಾಂತ್ರಿಕ ದೋಷಗಳು. ಮೊದಲನೆಯದು ಗಡಿಯಾರ. ಸರ್ವರ್‌ನಲ್ಲಿ ವೇಳೆ ಸಾಮಾನ್ಯವಾಗಿ ಯುಟಿಸಿಯಲ್ಲಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ವೇಳೆ) ದಾಖಲಾಗುತ್ತದೆ, ವರದಿಯನ್ನೂ ಹಾಗೇ ತೆಗೆದರೆ ನಮ್ಮ ಬೆಳಗಿನ 5.30ಕ್ಕೆ ದಿನ ಬದಲಾಗುತ್ತದೆ. ಬೆಳಿಗ್ಗೆ 5 ಗಂಟೆಗೆ ಹಾಲಿನ ಆರ್ಡರ್ ಕೊಟ್ಟವರು ಹಿಂದಿನ ದಿನದ ಲೆಕ್ಕಕ್ಕೆ ಹೋಗುತ್ತಾರೆ, ಒಂದು ದಿನ 5ಕ್ಕೆ, ಮರುದಿನ 6ಕ್ಕೆ ಆರ್ಡರ್ ಕೊಡುವ ದಿನನಿತ್ಯದ ಗ್ರಾಹಕರು ದಿನ ಬಿಟ್ಟು ದಿನ ಬಂದಂತೆ ಕಾಣುತ್ತಾರೆ. ಆ್ಯಪ್ ಬಳಕೆಯನ್ನು ಅಳೆಯುವ ಗೂಗಲ್ ಅನಲಿಟಿಕ್ಸ್ ಖಾತೆ ತೆರೆಯುವಾಗ ಸಮಯ ವಲಯವನ್ನು ಭಾರತಕ್ಕೆ ಬದಲಿಸದೆ ಬಿಟ್ಟು, ಅದು ಅಮೆರಿಕದ ಪಶ್ಚಿಮ ಕರಾವಳಿಯ ವೇಳೆಯಲ್ಲೇ ಉಳಿದಿದ್ದರೆ ಇನ್ನೂ ವಿಚಿತ್ರ: ಮಧ್ಯಾಹ್ನ 12.30ಕ್ಕೆ, ಅಲ್ಲಿನ ಚಳಿಗಾಲದಲ್ಲಿ 1.30ಕ್ಕೆ, ದಿನ ಬದಲಾಗುತ್ತದೆ. ಒಂದೇ ಮಧ್ಯಾಹ್ನದ ಊಟದ ಆರ್ಡರ್‌ಗಳು ಎರಡು ದಿನಕ್ಕೆ ಹಂಚಿಹೋಗುತ್ತವೆ. ಅದೇ ಅನಲಿಟಿಕ್ಸ್‌ನ ಉಚಿತ ಆವೃತ್ತಿಯಲ್ಲಿ ಬಳಕೆದಾರ ಮಟ್ಟದ ದತ್ತಾಂಶ ತಾನಾಗಿ 2 ತಿಂಗಳು ಮಾತ್ರ ಉಳಿಯುತ್ತದೆ. ಅಡ್ಮಿನ್ ವಿಭಾಗದ ಡೇಟಾ ರಿಟೆನ್ಷನ್ ಸೆಟ್ಟಿಂಗ್‌ಗೆ ಹೋಗಿ ಅದನ್ನು 14 ತಿಂಗಳಿಗೆ ಏರಿಸಬೇಕು. ಆರು ತಿಂಗಳಾದ ಮೇಲೆ ಬ್ಯಾಚ್ ಲೆಕ್ಕ ಮಾಡಲು ಕೂತು ಹಳೆಯದೆಲ್ಲ ಅಳಿದಿದೆ ಎಂದು ಕಂಡರೆ ಅದನ್ನು ಮರಳಿ ತರಲು ಬರುವುದಿಲ್ಲ. ಇಂದೇ ಮಾಡಬೇಕಾದ ಕೆಲಸವಿದು, ಎರಡು ನಿಮಿಷ ಸಾಕು.

ಎರಡನೆಯದು ಫೋನು. ಕಡಿಮೆ ಬೆಲೆಯ ಫೋನಿನಲ್ಲಿ ಜಾಗ ತುಂಬಿದ ಕೂಡಲೇ ಜನ ಆ್ಯಪ್ ಅಳಿಸುತ್ತಾರೆ, ಬೇಕಾದಾಗ ಮತ್ತೆ ಹಾಕಿಕೊಳ್ಳುತ್ತಾರೆ. ಮತ್ತೆ ಹಾಕಿಕೊಂಡಾಗ ಆ್ಯಪ್‌ನ ಗುರುತು ಹೊಸದಾಗುತ್ತದೆ, ಲಾಗಿನ್‌ಗೆ ಕಟ್ಟಿಹಾಕದಿದ್ದರೆ ಅದೇ ಮನುಷ್ಯ ಒಬ್ಬ ಬಿಟ್ಟವನೂ ಒಬ್ಬ ಹೊಸಬನೂ ಆಗುತ್ತಾನೆ. ಬೆಳವಣಿಗೆ ಹಿಗ್ಗುತ್ತದೆ, ಉಳಿಕೆ ಕುಗ್ಗುತ್ತದೆ, ಎರಡೂ ಸುಳ್ಳು. ಇದರ ತದ್ವಿರುದ್ಧವೂ ಇದೆ: ಒಂದೇ ಫೋನಿನಲ್ಲಿ ಅಪ್ಪ ದರ ನೋಡುತ್ತಾನೆ, ಅವ್ವ ಸಾಮಾನು ತರಿಸುತ್ತಾಳೆ, ಮಗಳು ಸಿಇಟಿ ಪ್ರಶ್ನೆ ಬಿಡಿಸುತ್ತಾಳೆ. ಅಲ್ಲಿ ಎಣಿಸಬೇಕಾದ್ದು ಮನೆಯನ್ನೇ ಹೊರತು ತಲೆಯನ್ನಲ್ಲ, ವಿಳಾಸವನ್ನು ಆಧಾರವಾಗಿಟ್ಟರೆ ಲೆಕ್ಕ ನಿಲ್ಲುತ್ತದೆ. ನೆಟ್‌ವರ್ಕ್ ಕೈಕೊಡುವ ಕಡೆ ಗ್ರಾಹಕರು ಆರ್ಡರ್ ಗುಂಡಿಯನ್ನು ಮೂರು ಸಲ ಒತ್ತುತ್ತಾರೆ. ಗುಂಡಿ ಕಾಣಿಸುವಾಗಲೇ ಒಂದು ಆರ್ಡರ್ ಸಂಖ್ಯೆ ಹುಟ್ಟಿ, ಎಷ್ಟು ಸಲ ಒತ್ತಿದರೂ ಅದೇ ಸಂಖ್ಯೆ ಹೋಗುವಂತೆ ಮಾಡದಿದ್ದರೆ ಒಂದು ಆರ್ಡರ್ ಮೂರಾಗಿ ಕೂರುತ್ತದೆ.

ಮೂರನೆಯದು ಕ್ಯಾಶ್ ಆನ್ ಡೆಲಿವರಿ. ಬಾಗಿಲಲ್ಲೇ ‘ಬ್ಯಾಡ’ ಎಂದು ಹಿಂದಿರುಗಿಸಿದ್ದನ್ನೂ ಆರ್ಡರ್ ಎಂದು ಎಣಿಸುವ ರೂಢಿಯಿದೆ. ತಲುಪಿ ಹಣ ಬಂದದ್ದನ್ನು ಮಾತ್ರ ಎಣಿಸಬೇಕು, ವಾಪಸಾತಿಯ ಗಡುವು ಮುಗಿದ ಮೇಲೆ ಎಣಿಸಬೇಕು. ಸಿಬ್ಬಂದಿ, ಅವರ ಮನೆಯವರು, ಪರೀಕ್ಷೆಗೆಂದು ತೆರೆದ ಖಾತೆಗಳು ಇವನ್ನೆಲ್ಲ ಮೊದಲೇ ತೆಗೆದುಹಾಕಬೇಕು. ‘ಗೆಳೆಯರನ್ನು ಕರೆತನ್ನಿ, 50 ರೂಪಾಯಿ ಪಡೆಯಿರಿ’ ಎಂದಾಗ ಒಂದೇ ವಿಳಾಸಕ್ಕೆ ಎಂಟು ಖಾತೆಗಳು ಹುಟ್ಟುತ್ತವೆ. ಆ ಹಣವನ್ನು ಕರೆದಾಗಲೇ ಕೊಡದೆ, ಬಂದವರ ಎರಡನೆಯ ಆರ್ಡರ್ ತಲುಪಿದ ಮೇಲೆ ಕೊಟ್ಟರೆ ಈ ಕಾಟ ಬಹುಮಟ್ಟಿಗೆ ನಿಲ್ಲುತ್ತದೆ.

ನಮ್ಮಲ್ಲಿ ಮಾತ್ರ ಎದ್ದು ಕಾಣುವ ಇನ್ನೊಂದಿದೆ. ಆ್ಯಪ್‌ನಲ್ಲಿ ಒಂದು ಸಲ ರೊಟ್ಟಿ ತರಿಸಿದ ಮನೆಯವರು ಪೊಟ್ಟಣದ ಮೇಲಿನ ನಂಬರ್ ಉಳಿಸಿಕೊಂಡು ಮುಂದಿನ ಸಲ ನೇರವಾಗಿ ಫೋನ್ ಮಾಡುತ್ತಾರೆ, ‘ಅಕ್ಕಾ, ನಾಳೆ ಇಪ್ಪತ್ತು ರೊಟ್ಟಿ, ಶೇಂಗಾ ಹಿಂಡಿ ಕಳಸ್ರಿ’ ಎಂದು ವಾಟ್ಸ್‌ಆ್ಯಪ್‌ಗೆ ಧ್ವನಿ ಸಂದೇಶ ಹಾಕುತ್ತಾರೆ, ಯುಪಿಐನಲ್ಲಿ ಹಣ ಕಳಿಸುತ್ತಾರೆ. ಆ್ಯಪ್ ಲೆಕ್ಕದಲ್ಲಿ ಅವರು ಬಿಟ್ಟುಹೋದವರು, ರೊಟ್ಟಿ ಮಾಡುವ ಅಕ್ಕನ ಲೆಕ್ಕದಲ್ಲಿ ಖಾಯಂ ಗಿರಾಕಿ. ಉದ್ಯಮ ಒಬ್ಬರದೇ ಆಗಿದ್ದರೆ ಫೋನ್, ವಾಟ್ಸ್‌ಆ್ಯಪ್ ಆರ್ಡರ್‌ಗಳನ್ನೂ ಅದೇ ಶೀಟಿನಲ್ಲಿ ಬರೆಯಬೇಕು. ಐದನೆಯ ಕಾಲಂ ಇಟ್ಟದ್ದು ಇದಕ್ಕೇ. ಹಲವರ ಸರಕನ್ನು ಮಾರುವ ಆ್ಯಪ್ ಆಗಿದ್ದರೆ ಇದು ಗಂಭೀರ ಸುದ್ದಿ: ಪರಿಚಯ ಮಾಡಿಸಿದ ಮೇಲೆ ಆ್ಯಪ್‌ನ ಅಗತ್ಯ ಗ್ರಾಹಕರಿಗೆ ಕಾಣುತ್ತಿಲ್ಲ ಎಂದರ್ಥ. ತಿಂಗಳಿಗೆ ಬಿಟ್ಟವರಲ್ಲಿ 20 ಮಂದಿಗೆ ಫೋನ್ ಮಾಡಿ ‘ಈಗ ಎಲ್ಲಿಂದ ತರಿಸ್ತೀರಿ’ ಎಂದು ಕೇಳಿದರೆ ಇದು ಹೊರಬೀಳುತ್ತದೆ.

ತೊಡಗಿಕೊಳ್ಳುವಿಕೆ, ಅಂದರೆ ಎಂಗೇಜ್‌ಮೆಂಟ್, ಅಳೆಯಲು ಹೆಚ್ಚಾಗಿ ಹೇಳುವುದು ದಿನದ ಬಳಕೆದಾರರನ್ನು ತಿಂಗಳ ಬಳಕೆದಾರರಿಂದ ಭಾಗಿಸಿದ ಅನುಪಾತ. ತಿಂಗಳಿಗೆ 1,500 ಮಂದಿ, ದಿನಕ್ಕೆ ಸರಾಸರಿ 300 ಮಂದಿ ಎಂದರೆ ಶೇ 20. ಸರಾಸರಿ ಒಬ್ಬರು 30 ದಿನದಲ್ಲಿ 6 ದಿನ ಬಂದರು ಎಂದು ಇದರ ಅರ್ಥ. ಆದರೆ ಸರಾಸರಿಯ ಹಿಂದೆ ಏನು ಬೇಕಾದರೂ ಅಡಗಿರಬಹುದು. ಎಲ್ಲರೂ ಆರಾರು ದಿನ ಬಂದರೂ ಶೇ 20, ಕೆಲವರು ದಿನಾ ಬಂದು ಉಳಿದವರು ತಿಂಗಳಿಗೊಮ್ಮೆ ಇಣುಕಿದರೂ ಶೇ 20. ಆದ್ದರಿಂದ ಒಂದು ದಿನ ಬಂದವರು ಎಷ್ಟು, ಎರಡು ದಿನ ಬಂದವರು ಎಷ್ಟು ಎಂದು ಮೂವತ್ತರವರೆಗೆ ಪಟ್ಟಿ ಮಾಡಿ ನೋಡಬೇಕು. ಯಾವುದನ್ನು ‘ಬಂದದ್ದು’ ಎನ್ನಬೇಕು ಎಂಬುದೂ ಮುಖ್ಯ. ಗೂಗಲ್ ಅನಲಿಟಿಕ್ಸ್‌ನಲ್ಲಿ 10 ಸೆಕೆಂಡ್ ಆ್ಯಪ್ ತೆರೆದಿದ್ದರೆ ಅದು ‘ಎಂಗೇಜ್ಡ್ ಸೆಷನ್’. ನೋಟಿಫಿಕೇಷನ್ ಒತ್ತಿ ಒಳಬಂದು ಹೊರಹೋದವರೂ ಅದರಲ್ಲಿ ಸೇರಿಬಿಡಬಹುದು. ಸಿಇಟಿ ಆ್ಯಪ್‌ನಲ್ಲಿ ವಿಡಿಯೊ ತೆರೆದದ್ದನ್ನು ಬಿಟ್ಟು ಕನಿಷ್ಠ 10 ಪ್ರಶ್ನೆ ಬಿಡಿಸಿದ ದಿನವನ್ನು ಎಣಿಸಿ. ಕಿರಾಣಿ ಆ್ಯಪ್‌ನಲ್ಲಿ ಜನ ಹೆಚ್ಚು ಹೊತ್ತು ಕಳೆದರೆ ಅದು ಹಿಗ್ಗುವ ಸಂಗತಿಯಲ್ಲ. ಕಡಲೆಬೇಳೆ ಎಲ್ಲಿದೆ ಎಂದು ಹುಡುಕಿ ಸಿಗದೆ ಒದ್ದಾಡುತ್ತಿರಬಹುದು. ಹುಡುಕು ಪೆಟ್ಟಿಗೆಯಲ್ಲಿ ಬರೆದ ಪದಗಳಲ್ಲಿ ಫಲಿತಾಂಶ ಸಿಗದವು ಯಾವುವು ಎಂದು ವಾರಕ್ಕೊಮ್ಮೆ ಓದಿ. ‘ಪುಂಡಿ ಪಲ್ಯ’, ‘ಖಾರಬ್ಯಾಳಿ’ ಎಂದು ಕನ್ನಡದಲ್ಲೋ ಇಂಗ್ಲಿಷ್ ಅಕ್ಷರದಲ್ಲೋ ಬರೆದು ಏನೂ ಸಿಗದೆ ಹೋದವರು ಅಲ್ಲಿ ಸಿಗುತ್ತಾರೆ.

ಸಣ್ಣ ಸಂಖ್ಯೆಗಳ ಬಗ್ಗೆ ಒಂದು ಮಾತು. 40 ಜನರ ಬ್ಯಾಚ್‌ನಲ್ಲಿ 12 ಮಂದಿ ಉಳಿದರೆ ಶೇ 30. ಆದರೆ ಅಷ್ಟು ಚಿಕ್ಕ ಗುಂಪಿನಲ್ಲಿ ಕಾಕತಾಳೀಯದ ಪಾಲು ದೊಡ್ಡದು, ನಿಜವಾದ ಪ್ರಮಾಣ ಸುಮಾರು 16ರಿಂದ 44ರವರೆಗೆ ಎಲ್ಲಿಯಾದರೂ ಇರಬಹುದು. 400 ಜನರಲ್ಲಿ 120 ಉಳಿದರೆ ಈ ಅಂತರ 25.5ರಿಂದ 34.5ಕ್ಕೆ ಇಳಿಯುತ್ತದೆ. ಹಾಗಾಗಿ ಹೋದ ತಿಂಗಳು ಶೇ 28 ಇದ್ದದ್ದು ಈ ತಿಂಗಳು 33 ಆಯಿತು, ಗುಂಡಿಯ ಬಣ್ಣ ಬದಲಿಸಿದ್ದು ಫಲಿಸಿತು ಎಂದು 40 ಜನರ ಮೇಲೆ ತೀರ್ಮಾನಿಸಬಾರದು. ಅಷ್ಟು ಚಿಕ್ಕ ವ್ಯಾಪಾರದಲ್ಲಿ ಕೋಷ್ಟಕಕ್ಕಿಂತ 40 ಮಂದಿಯನ್ನೂ ಮಾತಾಡಿಸುವುದೇ ಹೆಚ್ಚು ಕಲಿಸುತ್ತದೆ. ಮಾತಾಡಿಸುವಾಗ ಸ್ಟಾರ್ಟಪ್ ಬೆಳವಣಿಗೆಯ ತಜ್ಞ ಶಾನ್ ಎಲ್ಲಿಸ್ ಅವರ ಪ್ರಶ್ನೆ ಉಪಯುಕ್ತ: ನಾಳೆಯಿಂದ ಈ ಸೇವೆ ಇಲ್ಲ ಎಂದರೆ ನಿಮಗೆ ಎಷ್ಟು ಬೇಸರವಾಗುತ್ತದೆ? ‘ಬಹಳ’ ಎಂದವರು ಶೇ 40 ದಾಟಿದರೆ ಒಳ್ಳೆಯ ಲಕ್ಷಣ ಎಂಬುದು ಅವರ ಅಳತೆಗೋಲು. ನಮ್ಮ ಜನ ಎದುರಿಗೆ ಮನಸ್ಸು ನೋಯಿಸುವುದಿಲ್ಲ, ‘ಛಲೋ ಅದರಿ’ ಎಂದೇ ಹೇಳುತ್ತಾರೆ. ಆದ್ದರಿಂದ ‘ಇಲ್ಲದಿದ್ದರೆ ಏನು ಮಾಡ್ತೀರಿ’ ಎಂದೂ ಕೇಳಬೇಕು. ‘ಸೂಪರ್ ಮಾರ್ಕೆಟ್‌ಗೆ ಹೋಗಿ ತರ್ತೀವಿ’ ಎಂದು ತಡವರಿಸದೆ ಹೇಳಿದರೆ ಮೊದಲ ಉತ್ತರಕ್ಕೆ ತೂಕವಿಲ್ಲ.

ಹಣದ ಲೆಕ್ಕಕ್ಕೆ ಇದೆಲ್ಲ ಹೇಗೆ ಸೇರುತ್ತದೆ? ಒಂದು ಉದಾಹರಣೆ. ತಿಂಗಳಿಗೆ ಜಾಹೀರಾತು 30,000, ಕೂಪನ್ 15,000, ಮನೆಮನೆಗೆ ಹೋಗುವ ಇಬ್ಬರ ಸಂಬಳ 24,000, ಕರೆತಂದವರಿಗೆ ಕೊಟ್ಟದ್ದು 6,000. ಒಟ್ಟು 75,000 ರೂಪಾಯಿ. ನೋಂದಾಯಿಸಿದವರು 600, ನಿಜವಾಗಿ ಹಣ ಕೊಟ್ಟು ಕೊಂಡವರು 250. ಜಾಹೀರಾತನ್ನು ಮಾತ್ರ ನೋಂದಣಿಯಿಂದ ಭಾಗಿಸಿ ‘ಒಬ್ಬ ಗ್ರಾಹಕರಿಗೆ 50 ರೂಪಾಯಿ’ ಎಂದು ತೋರಿಸುತ್ತಾರೆ. ನಿಜವಾದ ಖರ್ಚು 75,000 ಭಾಗಿಸು 250, ಅಂದರೆ 300 ರೂಪಾಯಿ. ಈಗ ಆದಾಯ: 320 ರೂಪಾಯಿ ಆರ್ಡರ್‌ನಲ್ಲಿ ಶೇ 18 ಮಾರ್ಜಿನ್ ಎಂದರೆ 57 ರೂಪಾಯಿ 60 ಪೈಸೆ. ತಲುಪಿಸಲು 25, ಚೀಲ ಮತ್ತು ಪಾವತಿ ಶುಲ್ಕಕ್ಕೆ 7.60 ಕಳೆದರೆ 25 ಉಳಿಯುತ್ತದೆ. ತಿಂಗಳಿಗೆ ಮೂರು ಆರ್ಡರ್‌ಗೆ 75. ನಾಲ್ಕು ತಿಂಗಳಲ್ಲಿ 300 ವಾಪಸು ಬರುತ್ತದೆ ಎನ್ನುತ್ತಾರೆ, ಎಲ್ಲರೂ ನಾಲ್ಕು ತಿಂಗಳು ಉಳಿದರೆ ಮಾತ್ರ ಅದು ಸರಿ. ತಿಂಗಳಿಗೆ ಅರ್ಧ ಮಂದಿ ಹೋಗುವುದಾದರೆ ಒಬ್ಬರಿಂದ ಜೀವಮಾನದಲ್ಲಿ ಬರುವುದು 75 ಭಾಗಿಸು 0.5, ಅಂದರೆ 150 ರೂಪಾಯಿ. ಪ್ರತಿ ಹೊಸ ಗ್ರಾಹಕರ ಮೇಲೆ 150 ನಷ್ಟ, ಬೆಳೆದಷ್ಟೂ ನಷ್ಟ. ಬಿಟ್ಟುಹೋಗುವ ಪ್ರಮಾಣವನ್ನು ಶೇ 25ಕ್ಕೆ ಇಳಿಸಿದರೂ ಹಾಕಿದ 300 ಕೈಗೆ ಬರುತ್ತದೆ, ಅಷ್ಟೇ. ಹೂಡಿಕೆದಾರರು ಸಾಮಾನ್ಯವಾಗಿ ಕೇಳುವ ಮೂರು ಪಟ್ಟು ಆದಾಯಕ್ಕೆ ಇಲ್ಲಿ 900 ಬರಬೇಕು. ಅದಕ್ಕೆ ಉಳಿಕೆಯ ಜೊತೆಗೆ ಆರ್ಡರ್ ಮೊತ್ತವೂ ಏರಬೇಕು, ತಲುಪಿಸುವ ಖರ್ಚೂ ಇಳಿಯಬೇಕು. ಒಂದೇ ಬಡಾವಣೆಯ ಆರ್ಡರ್‌ಗಳನ್ನು ಒಂದೇ ಸುತ್ತಿನಲ್ಲಿ ತಲುಪಿಸುವುದು ಅದಕ್ಕೆ ಇರುವ ಸುಲಭದ ದಾರಿ.

ಈ ಲೆಕ್ಕಕ್ಕಾಗಿ ಗ್ರಾಹಕರ ಫೋನಿನಲ್ಲಿರುವ ಸಂಪರ್ಕ ಪಟ್ಟಿ, ಫೋಟೊ, ಎಲ್ಲೆಡೆಯ ಲೊಕೇಷನ್ ಅನುಮತಿ ಯಾವುದೂ ಬೇಕಿಲ್ಲ. 2023ರಲ್ಲಿ ದೇಶಕ್ಕೆ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಬೇಕಾದಷ್ಟನ್ನೇ, ಒಪ್ಪಿಗೆ ಪಡೆದು ಇಟ್ಟುಕೊಳ್ಳಬೇಕು. ಮೇಲೆ ಹೇಳಿದ ಶೀಟನ್ನು ಕಚೇರಿಯ ಎಲ್ಲರಿಗೂ ತೆರೆದಿಡಬಾರದು.

ಈಗ ನಮ್ಮ ಕೋರಿಕೆ. ರಾಜ್ಯ ಸರ್ಕಾರದ ಎಲಿವೇಟ್ ಯೋಜನೆಯಲ್ಲಿ 50 ಲಕ್ಷ ರೂಪಾಯಿವರೆಗೆ ಅನುದಾನ ಸಿಗುತ್ತದೆ, ಕಲ್ಯಾಣ ಕರ್ನಾಟಕಕ್ಕೆಂದೇ ಅದರ ಪ್ರತ್ಯೇಕ ಸುತ್ತು ನಡೆದಿದೆ. ಇಂಥ ಆಯ್ಕೆಗಳಲ್ಲಿ ಮತ್ತು ಕಾಲೇಜು ಸ್ಪರ್ಧೆಗಳಲ್ಲಿ ತೀರ್ಪು ಕೊಡುವವರು ಅರ್ಜಿಯ ಜೊತೆ ಒಂದು ಪುಟದ ಬ್ಯಾಚ್ ಕೋಷ್ಟಕ ಕೇಳಲಿ. ಕೇಳುತ್ತಾರೆಂದು ಗೊತ್ತಾದರೆ ಹುಡುಗರು ಮೊದಲ ದಿನದಿಂದಲೇ ಬರೆದಿಡುತ್ತಾರೆ. ನಿಮ್ಮ ವರದಿಗಾರರಲ್ಲೂ ವಿನಂತಿ: ಸ್ಟಾರ್ಟಪ್ ಸುದ್ದಿ ಬರೆಯುವಾಗ ಮೂರು ಪ್ರಶ್ನೆ ಕೇಳಿ. ಕಳೆದ 30 ದಿನಗಳಲ್ಲಿ ಹಣ ಕೊಟ್ಟು ಕೊಂಡವರು ಎಷ್ಟು? ಆರು ತಿಂಗಳ ಹಿಂದೆ ಮೊದಲ ಸಲ ಕೊಂಡವರಲ್ಲಿ ಈಗಲೂ ಕೊಳ್ಳುತ್ತಿರುವವರು ಶೇ ಎಷ್ಟು? ಆ ಪ್ರಮಾಣ ಮೂರನೆಯ ತಿಂಗಳಲ್ಲಿ ಎಷ್ಟಿತ್ತು? ಗ್ರಾಹಕರ ಸಂಖ್ಯೆ ವ್ಯಾಪಾರದ ಗುಟ್ಟು ಎಂದರೆ ಅದನ್ನು ಬಿಟ್ಟು ಶೇಕಡಾವಾರು ಮಾತ್ರ ಪಡೆಯಿರಿ, ಅದನ್ನು ಕೊಡಲು ಯಾರಿಗೂ ತೊಂದರೆಯಿಲ್ಲ. ಉದ್ಯಮ ಶುರುವಾಗಿ ಆರು ತಿಂಗಳಾಗಿಲ್ಲ ಎಂದಾದರೆ ‘ಉಳಿಕೆಯ ಲೆಕ್ಕ ಇನ್ನೂ ಬಂದಿಲ್ಲ’ ಎಂದು ಒಂದು ಸಾಲು ಬರೆದು, ಆರು ತಿಂಗಳ ನಂತರ ಅದೇ ಉದ್ಯಮಿಗೆ ಮತ್ತೊಮ್ಮೆ ಫೋನ್ ಮಾಡಿ.

ಇಂತಿ,
ಆನ್‌ಲೈನ್ ಉದ್ಯಮಗಳ ಲೆಕ್ಕ ನೋಡುವ ಓದುಗರು,
ಕಲಬುರಗಿ